ಅಂಗಡಿಯಲ್ಲಿ ಕಳವು: ಕೈ ಹಿಡಿಯಬೇಕೆ, ಬಿಡಬೇಕೆ?

ನಮ್ಮ ಓಣಿಯ ಹುಡುಗಿಯೊಬ್ಬಳು ಬಾಗಲಕೋಟೆಯ ನವನಗರದ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಪಿಯುಸಿ ಮುಗಿಸಿದ ಮೇಲೆ ಮುಂದೆ ಓದಿಸಲು ಮನೆಯಲ್ಲಿ ಅನುಕೂಲ ಸಾಲಲಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋದರೆ ರಾತ್ರಿ ಒಂಬತ್ತಕ್ಕೆ ಮನೆ. ಒಂದು ಸಂಜೆ ಅವಳ ಕಣ್ಣೆದುರೇ ಹೆಂಗಸೊಬ್ಬಳು ತುಪ್ಪದ ಡಬ್ಬಿ, ಗೋಡಂಬಿ ಪೊಟ್ಟಣ ಎರಡನ್ನೂ ಸೆರಗಿನೊಳಗೆ ಸೇರಿಸಿ, ಹಣ ಕೊಡದೆ ಹೊರಬಿದ್ದಳಂತೆ. ಹುಡುಗಿ ಹಿಂದುಮುಂದು ನೋಡಲಿಲ್ಲ. ಬಾಗಿಲು ದಾಟಿ ಓಡಿ ಕೈ ಹಿಡಿದಳು. ಎಳೆದಾಟ ಆಯಿತು. ಬಳೆ ಒಡೆದು ಇವಳ ಅಂಗೈ ಕೊಯ್ದಿತು. ಹೇಗೋ ಸಾಮಾನು ವಾಪಸು ಬಂತು.

ಮರುದಿನ ಶಹಬ್ಬಾಸ್ ಸಿಗುತ್ತದೆಂದು ಹೋದವಳ ಕೈಗೆ ಸಿಕ್ಕಿದ್ದು ಎಚ್ಚರಿಕೆಯ ಪತ್ರ! “ಗಿರಾಕಿ ಮೈ ಮುಟ್ಟಬಾರದು ಅಂತ ಕಂಪನಿ ನಿಯಮ ಐತಿ. ಇನ್ನೊಂದ ಸಲ ಹಿಂಗ ಮಾಡಿದ್ರ ಕೆಲಸ ಇಲ್ಲ” ಎಂದರಂತೆ ಮೇಲಿನವರು.

ರಾತ್ರಿ ಅವಳ ತಾಯಿ ನಮ್ಮ ಕಟ್ಟೆಯ ಮೇಲೆ ಕೂತು ಕಣ್ಣೀರು ಹಾಕಿದಳು. “ಅಕ್ಕಾರ, ಉಂಡ ಮನಿ ಸಾಮಾನು ಉಳಿಸಿದ್ದು ತಪ್ಪೇನ್ರಿ?”

ಆ ಪ್ರಶ್ನೆಗೆ ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ನಿಮ್ಮನ್ನು ಕೇಳಿದ್ದರೆ ನೀವೇನು ಹೇಳುತ್ತಿದ್ದಿರಿ? ನಮ್ಮ ಊರುಗಳಲ್ಲಿ ಇಂದು ಎಷ್ಟೋ ಮನೆಯ ಹೆಣ್ಣುಮಕ್ಕಳು ಬಟ್ಟೆ ಅಂಗಡಿ, ದಿನಸಿ ಅಂಗಡಿ, ಔಷಧಿ ಅಂಗಡಿಗಳಲ್ಲಿ ನಿಂತು ದುಡಿಯುತ್ತಿದ್ದಾರೆ. ಆದ್ದರಿಂದ ಇದು ಮಾಲೀಕರ ತಲೆನೋವು ಎಂದು ಬಿಟ್ಟುಬಿಡುವ ಮಾತಲ್ಲ. ನಮ್ಮ ನಿಮ್ಮ ಮನೆಯ ಮಾತು.

ಗಾದಿ ಹೋಯಿತು, ಕಪಾಟು ಬಂತು

ಹಿಂದೆ ಸೀರೆ ಕೊಳ್ಳಲು ಇಳಕಲ್‌ಗೆ ಹೋದರೆ ಹೇಗಿತ್ತು ನೆನಪಿಸಿಕೊಳ್ಳಿ. ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮೇಲೆ ಕೂರುವುದು. ಅಂಗಡಿಯವರು ಒಂದೊಂದೇ ಸೀರೆ ಬಿಚ್ಚಿ ಹಾಸುವುದು. ಎಷ್ಟು ಬಿಚ್ಚಿದೆವು, ಎಷ್ಟು ಮಡಿಚಿದೆವು ಎಂಬ ಲೆಕ್ಕ ಅವರ ಕಣ್ಣಲ್ಲೇ ಇರುತ್ತಿತ್ತು. ಹುನಗುಂದದ ಕಿರಾಣಿ ಅಂಗಡಿಯಲ್ಲೂ ಅಷ್ಟೆ. ನಾವು ಚೀಟಿ ಕೊಡುವುದು, ಅವರು ತೂಗಿ ಕಟ್ಟಿಕೊಡುವುದು. ಗಿರಾಕಿಯ ಕೈಗೂ ಸಾಮಾನಿಗೂ ನಡುವೆ ಒಂದು ಕಟಕಟೆ ಇತ್ತು.

ಈ ಕಟಕಟೆಯನ್ನು ಮೊದಲು ತೆಗೆದುಹಾಕಿದವರಲ್ಲಿ ಅಮೆರಿಕದ ವ್ಯಾಪಾರಿ ಕ್ಲಾರೆನ್ಸ್ ಸಾಂಡರ್ಸ್ ಪ್ರಮುಖರು. 1916ರಲ್ಲಿ ಮೆಂಫಿಸ್ ನಗರದಲ್ಲಿ ಅವರು ತೆರೆದ ‘ಪಿಗ್ಲಿ ವಿಗ್ಲಿ’ ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಂಡು ಬಾಗಿಲ ಬಳಿ ಹಣ ಕೊಡಬೇಕಿತ್ತು. ಆಳುಗಳ ಖರ್ಚು ಉಳಿಯಿತು, ವ್ಯಾಪಾರ ಹೆಚ್ಚಿತು. ನಮಗೂ ಹಾಯೆನಿಸುತ್ತದೆ, ಯಾರ ಹಂಗೂ ಇಲ್ಲದೆ ಮುಟ್ಟಿ ನೋಡಿ ಕೊಳ್ಳಬಹುದು. ಆದರೆ ಸಾಮಾನು ಕೈಗೆಟುಕಿದಂತೆ ಕಳ್ಳಗೈಗೂ ಎಟುಕಿತು. ಹತ್ತು ಜನ ಕಾಯುತ್ತಿದ್ದಲ್ಲಿ ಇಬ್ಬರು ಹುಡುಗಿಯರು ಉಳಿದರು. ಕಳವಿನ ಭಾರ ಆ ಇಬ್ಬರ ತಲೆಗೆ ಬಂತು.

ಮುಟ್ಟಬಾರದೆಂಬ ನಿಯಮ ಯಾಕೆ?

ದೊಡ್ಡ ಕಂಪನಿಗಳು ಈ ನಿಯಮ ಮಾಡಿದ್ದು ಕಳ್ಳರ ಮೇಲಿನ ಕರುಣೆಯಿಂದಲ್ಲ. ತುಪ್ಪದ ಡಬ್ಬಿ ಹೋದರೆ ಕೆಲವು ನೂರು ರೂಪಾಯಿ. ನೌಕರನಿಗೆ ಪೆಟ್ಟಾದರೆ, ನಿರಪರಾಧಿಯನ್ನು ಹಿಡಿದೆಳೆದರೆ, ಆ ನಷ್ಟಕ್ಕೆ ಲೆಕ್ಕವಿಲ್ಲ.

2022ರ ಅಕ್ಟೋಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಹಿಲ್ಸ್‌ಬರೊದಲ್ಲಿ ಹೋಂ ಡಿಪೋ ಅಂಗಡಿಯ 83 ವರ್ಷದ ನೌಕರರೊಬ್ಬರು, ತೊಳೆಯುವ ಯಂತ್ರಗಳನ್ನು ಹಣ ಕೊಡದೆ ತಳ್ಳಿಕೊಂಡು ಹೋಗುತ್ತಿದ್ದವನ ಎದುರು ಹೋದರು. ಅವನು ನೂಕಿದ. ಮುದುಕರು ನೆಲಕ್ಕೆ ಬಿದ್ದರು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಒಂದು ಯಂತ್ರ ಇನ್ನೊಂದು ಕೊಳ್ಳಬಹುದು, ಮನೆಯ ಹಿರಿಯರನ್ನು ಎಲ್ಲಿಂದ ತರೋಣ?

ಆದರೆ ನಿಯಮವೂ ಕೆಲವೊಮ್ಮೆ ಅತಿಯಾಗುತ್ತದೆ. 2023ರ ಮೇ ತಿಂಗಳಲ್ಲಿ ಜಾರ್ಜಿಯಾ ರಾಜ್ಯದ ಲುಲುಲೆಮನ್ ಬಟ್ಟೆ ಅಂಗಡಿಗೆ ಮುಸುಕುಧಾರಿಗಳು ನುಗ್ಗಿ ಬಟ್ಟೆ ಬಾಚಿಕೊಂಡು ಓಡಿದರು. ಇಬ್ಬರು ನೌಕರ ಮಹಿಳೆಯರು ಅವರನ್ನು ಗದರಿಸಿ, ಬಾಗಿಲವರೆಗೆ ಹಿಂಬಾಲಿಸಿ, ಪೊಲೀಸರಿಗೆ ಫೋನು ಮಾಡಿದರು. ಕಂಪನಿ ಅವರಿಬ್ಬರನ್ನೂ ಕೆಲಸದಿಂದ ತೆಗೆಯಿತು. ಕಳ್ಳರನ್ನು ಹಿಂಬಾಲಿಸಬಾರದೆಂಬ ನಿಯಮ ಮುರಿದರೆಂಬುದು ಕಾರಣ. ದೇಶವೆಲ್ಲ ಚರ್ಚೆಯಾಯಿತು. ಕಂಪನಿಯ ಮುಖ್ಯಸ್ಥರು ನೌಕರರ ಸುರಕ್ಷತೆಯ ಮಾತೆತ್ತಿ ತೀರ್ಮಾನವನ್ನು ಸಮರ್ಥಿಸಿಕೊಂಡರು. ನಿಯಮ ಸರಿ ಎನ್ನೋಣ. ಆದರೆ ಎದೆಗಾರಿಕೆ ತೋರಿಸಿದವರ ಅನ್ನ ಕಿತ್ತುಕೊಳ್ಳುವುದು ಸರಿಯೇ? ನನಗಂತೂ ಒಪ್ಪಿಗೆಯಾಗದು. ತಿಳಿಹೇಳಬಹುದಿತ್ತು.

ಅವೆನ್ಯೂ ರಸ್ತೆಯಲ್ಲಿ ನಡೆದದ್ದು

ಅಮೆರಿಕದ ಮಾತು ನಮಗೇಕೆ ಎನ್ನುವಿರಾ? ನಮ್ಮ ರಾಜ್ಯದ ಮಾತನ್ನೇ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಸೀರೆ ಅಂಗಡಿಯವರು, ಸೀರೆ ಕದ್ದ ಆರೋಪದ ಮೇಲೆ ಹೆಂಗಸೊಬ್ಬಳನ್ನು ಹಿಡಿದರು. ಪೊಲೀಸರಿಗೆ ಒಪ್ಪಿಸಿ ಸುಮ್ಮನಾಗಿದ್ದರೆ ನಾವು ಯಾರೂ ಆ ಸುದ್ದಿ ಓದುತ್ತಿರಲಿಲ್ಲ. ನಡುಬೀದಿಯಲ್ಲಿ ಎಳೆದಾಡಿ, ಹೊಡೆದು, ಬೂಟುಗಾಲಿನಿಂದ ಒದ್ದರು. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ಹಿಡಿದರೇ ಹೊರತು ಬಿಡಿಸಲು ಮುಂದಾದವರು ಕಡಿಮೆ. ಆ ಚಿತ್ರ ನಾಡೆಲ್ಲ ಹರಿದಾಡಿತು. ಕಳವಿನ ಪ್ರಕರಣದಲ್ಲಿ ಆಕೆಯೂ ಬಂಧನಕ್ಕೊಳಗಾದಳು, ಹಲ್ಲೆಯ ಪ್ರಕರಣದಲ್ಲಿ ಅಂಗಡಿಯ ಮಾಲೀಕನೂ ನೌಕರನೂ ಬಂಧನಕ್ಕೊಳಗಾದರು.

ದೂರು ಕೊಡಬೇಕಾದವರೇ ಆರೋಪಿಗಳಾದರು ನೋಡಿ. ಮಾಲೀಕನ ಮಾತು ಹಾಗಿರಲಿ, ಆ ನೌಕರನ ಮನೆಯವರ ಗತಿಯೇನು? ಯಾರದೋ ಸೀರೆ, ಯಾರದೋ ಸಿಟ್ಟು, ಜೈಲು ಮಾತ್ರ ಇವನಿಗೆ.

ಕೇರಳದ ಅಟ್ಟಪ್ಪಾಡಿಯಲ್ಲಿ ನಡೆದದ್ದು ಇದಕ್ಕಿಂತ ಘೋರ. 2018ರ ಫೆಬ್ರವರಿಯಲ್ಲಿ, ಅಂಗಡಿಗಳಿಂದ ಅಕ್ಕಿ ಮೊದಲಾದ ಪದಾರ್ಥ ಕದ್ದನೆಂದು ಒಬ್ಬ ಆದಿವಾಸಿ ಯುವಕನನ್ನು ಗುಂಪೊಂದು ಹಿಡಿದು ಕೈ ಕಟ್ಟಿ ಹೊಡೆಯಿತು. ಅವನು ಸತ್ತೇಹೋದ. 2023ರ ಏಪ್ರಿಲ್‌ನಲ್ಲಿ ಮಣ್ಣಾರ್ಕಾಡಿನ ವಿಶೇಷ ನ್ಯಾಯಾಲಯ 16 ಆರೋಪಿಗಳಲ್ಲಿ 14 ಜನರನ್ನು ತಪ್ಪಿತಸ್ಥರೆಂದಿತು. ಒಂದು ಹಿಡಿ ಅಕ್ಕಿಗೆ ಒಂದು ಜೀವ, ಹದಿನಾಲ್ಕು ಮನೆಗಳ ನೆಮ್ಮದಿ.

ಬಾದಾಮಿ ಬನಶಂಕರಿಯ ಜಾತ್ರೆಗೆ ಹೋದವರಿಗೆಲ್ಲ ಗೊತ್ತು, ಪುಷ್ಯ ಮಾಸದ ಆ ಜನಜಂಗುಳಿಯಲ್ಲಿ “ಕಳ್ಳ, ಕಳ್ಳ” ಎಂದು ಒಬ್ಬರು ಕೂಗಿದರೆ ಸಾಕು, ಏನಾಯಿತೆಂದು ಕೇಳದೆ ನಾಲ್ಕು ಕೈ ಮೇಲೇಳುತ್ತವೆ. ಮೊದಲ ಕೈ ಹಿಡಿದವರು ನಾವು ಎಂದಿಟ್ಟುಕೊಳ್ಳಿ, ಆಮೇಲಿನ ನಾಲ್ಕು ಕೈ ತಡೆಯಲು ನಮ್ಮಿಂದ ಆಗುತ್ತದೆಯೇ? ಕೈ ಹಾಕುವ ಮೊದಲೇ ಇದನ್ನು ಯೋಚಿಸಬೇಕು.

ಕಾನೂನು ಏನನ್ನುತ್ತದೆ?

ಕಾನೂನೆಂದರೆ ವಕೀಲರ ಪಾಲಿಗೆ ಎಂದು ಪುಟ ತಿರುಗಿಸಬೇಡಿ. ಮನೆಯ ಲೆಕ್ಕದಷ್ಟೇ ಸರಳವಾಗಿ ಹೇಳುತ್ತೇನೆ.

1860ರ ದಂಡಸಂಹಿತೆಯ ಬದಲು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೆಯ ಕಲಮಿನಂತೆ ಕಳವಿಗೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ದಂಡ, ಅಥವಾ ಎರಡೂ. ಆದರೆ ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ಸಲದ ಅಪರಾಧವಾಗಿ, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ.

ಇನ್ನು ಹಿಡಿಯುವ ಮಾತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ಸಾಮಾನ್ಯ ಜನರಿಗೂ ಬಂಧಿಸುವ ಅಧಿಕಾರ ಕೊಡುತ್ತದೆ. ಆದರೆ ತಮ್ಮ ಕಣ್ಣೆದುರೇ ನಡೆದ ಅಪರಾಧಕ್ಕೆ ಮಾತ್ರ. ಅದೂ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧಕ್ಕೆ ಮಾತ್ರ. ಹಿಡಿದ ಮೇಲೆ ತಡಮಾಡದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವು ಈ ಪಟ್ಟಿಯಲ್ಲಿ ಬರುವುದಿಲ್ಲ! ಅಂದರೆ ಮೂರು ಸಾವಿರದ ಸೀರೆಯೋ ಆರುನೂರರ ತುಪ್ಪವೋ ಹೋದಾಗ, ಈ ಕಲಮಿನ ಬಲದಿಂದ ಯಾರನ್ನೂ ಹಿಡಿದು ಕೂರಿಸುವ ಅಧಿಕಾರ ಅಂಗಡಿಯ ಹುಡುಗಿಗಿಲ್ಲ. ಕೋಣೆಯಲ್ಲಿ ಕೂಡಿಹಾಕಿದರೆ ಅಕ್ರಮ ಬಂಧನದ ದೂರು ಅವಳ ಮೇಲೇ ಬರಬಹುದು.

ಹಾಗಾದರೆ ಕೈಕಟ್ಟಿ ನೋಡುತ್ತಿರಬೇಕೇ? ಅಲ್ಲ. ತನ್ನದಾಗಲಿ ಇನ್ನೊಬ್ಬರದಾಗಲಿ ಆಸ್ತಿಯನ್ನು ಕಳವಿನಿಂದ ಕಾಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆದರೆ ಕಾಯಲು ಎಷ್ಟು ಬೇಕೋ ಅಷ್ಟೇ ಬಲ, ಅದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚು ಕೂಡದು. ಪೊಲೀಸರನ್ನು ಕರೆಯಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ಒಂದೇ ಮಾತಿನಲ್ಲಿ ಹೇಳುವುದಾದರೆ, ಅಂಗಡಿಯ ಸೀರೆಯನ್ನು ಹಿಡಿಯಬಹುದು, ಅವಳ ಸೆರಗನ್ನು ಹಿಡಿಯಬಾರದು. ಮೈ ತಡಕುವುದಂತೂ ಬೇಡವೇ ಬೇಡ. ಹೆಂಗಸಿನ ಮೈಶೋಧನೆಯನ್ನು ಪೊಲೀಸರು ಕೂಡ ಇನ್ನೊಬ್ಬ ಹೆಂಗಸಿನಿಂದಲೇ, ಮರ್ಯಾದೆಗೆ ಕುಂದಿಲ್ಲದಂತೆ ಮಾಡಿಸಬೇಕು.

ಇನ್ನೊಂದು ಸೂಕ್ಷ್ಮ. ಕದ್ದು ಓಡುವವನು ಮಾಲು ಒಯ್ಯುವುದಕ್ಕಾಗಿ ಯಾರನ್ನಾದರೂ ಹೊಡೆದರೆ ಅದು ಬರಿಯ ಕಳವಲ್ಲ, ಸುಲಿಗೆ. ಶಿಕ್ಷೆ ಹತ್ತು ವರ್ಷದವರೆಗೂ ಹೋಗಬಹುದು. ಮೂಲೆಗೆ ಸಿಕ್ಕ ಬೆಕ್ಕು ಮುಖಕ್ಕೇ ಎರಗುತ್ತದಲ್ಲ, ಹಾಗೆಯೇ ಸಿಕ್ಕಿಬಿದ್ದ ಮನುಷ್ಯ ಕೂಡ.

ಇನ್ನೊಂದು ಮಗ್ಗುಲು

ಇಷ್ಟು ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. “ಹಂಗಾದ್ರ ಕಳ್ಳರಿಗೆ ಬಾಗಿಲಾ ತಗದಿಡೋಣೇನ್ರಿ?” ಎಂದು ಕೇಳುವವರೂ ಇದ್ದೀರಿ. ಆ ಸಿಟ್ಟಿನಲ್ಲೂ ನ್ಯಾಯವಿದೆ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ, ಟೋಪಿ ತೆನಿ ಸೆರಗು ಬರುವಂತೆ ಮಗ್ಗದಲ್ಲಿ ಕೂತು ನೇಯುವವರ ಬೆನ್ನು ಹೇಗೆ ಬಾಗಿರುತ್ತದೆಂದು ನೋಡಿದವರಿಗೇ ಗೊತ್ತು. ಮನೆಯ ಹೆಂಗಸರು ಕಂಡಿಕೆ ಸುತ್ತಿಕೊಡುತ್ತಾರೆ. ದಿನಗಟ್ಟಲೆ ಮನೆಮಂದಿಯೆಲ್ಲ ದುಡಿದದ್ದನ್ನು ಒಬ್ಬರು ಎರಡು ನಿಮಿಷದಲ್ಲಿ ಚೀಲಕ್ಕೆ ಹಾಕಿಕೊಂಡು ಹೋದರೆ ಹೊಟ್ಟೆ ಉರಿಯುವುದಿಲ್ಲವೇ? ದೊಡ್ಡ ಕಂಪನಿಗೆ ಒಂದು ಸೀರೆ ಲೆಕ್ಕಕ್ಕಿಲ್ಲ. ಸಾಲ ತಂದು ನೂರು ಸೀರೆ ಇಟ್ಟುಕೊಂಡ ಚಿಕ್ಕ ಅಂಗಡಿಯವಳಿಗೆ ಅದು ಒಂದು ವಾರದ ಲಾಭ. ಕೇಳುವವರಿಲ್ಲವೆಂದು ತಿಳಿದರೆ ಕಳ್ಳರು ಮತ್ತೆ ಮತ್ತೆ ಬರುತ್ತಾರೆಂಬುದೂ ಸುಳ್ಳಲ್ಲ.

ನಮ್ಮ ಓಣಿಯ ಹುಡುಗಿ ಓಡಿದ್ದಕ್ಕೂ ಒಂದು ಕಾರಣವಿತ್ತು. ಅದನ್ನು ಅವಳ ತಾಯಿ ಆ ರಾತ್ರಿ ಕೊನೆಯಲ್ಲಿ ಹೇಳಿದಳು. ಹಿಂದಿನ ತಿಂಗಳು ಲೆಕ್ಕದಲ್ಲಿ ಸಾಮಾನು ಕಡಿಮೆ ಬಂದಾಗ ಆ ಮೊತ್ತವನ್ನು ಕೆಲಸದ ಹುಡುಗಿಯರ ಸಂಬಳದಲ್ಲಿ ಹಂಚಿ ಮುರಿದುಕೊಂಡಿದ್ದರಂತೆ. ಇವಳ ಪಾಲಿಗೆ ಮುನ್ನೂರು ರೂಪಾಯಿ. ಕಾಗದದ ನಿಯಮ “ಮುಟ್ಟಬೇಡ” ಎನ್ನುತ್ತದೆ, ಸಂಬಳದ ಚೀಟಿ “ಬಿಟ್ಟರೆ ನಿನ್ನದೇ ಹಣ ಹೋಯಿತು” ಎನ್ನುತ್ತದೆ. ಬಡ ಹುಡುಗಿ ಯಾವುದನ್ನು ಕೇಳಿಯಾಳು?

ಇದು ತಪ್ಪು ಎಂದು ಗಟ್ಟಿಯಾಗಿಯೇ ಹೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ, ಅದಕ್ಕೂ ಮುನ್ನ 1936ರ ವೇತನ ಪಾವತಿ ಕಾಯಿದೆಯಲ್ಲೂ, ಸಾಮಾನಿನ ನಷ್ಟಕ್ಕೆ ಸಂಬಳ ಮುರಿಯಲು ಷರತ್ತುಗಳಿವೆ. ಆ ಸಾಮಾನನ್ನು ಆ ನೌಕರಳ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು. ನಷ್ಟ ನೇರವಾಗಿ ಅವಳದೇ ಅಲಕ್ಷ್ಯದಿಂದ ಆಗಿರಬೇಕು. ಮುರಿಯುವ ಮೊದಲು ಅವಳ ಮಾತು ಕೇಳಬೇಕು. ಅಂಗಡಿಯ ತುಂಬ ಸಾಮಾನು ಹರಡಿ, ಯಾರೋ ಒಯ್ದದ್ದನ್ನು ಎಲ್ಲರ ಮೇಲೆ ಹಂಚುವುದಕ್ಕೆ ಅಲ್ಲಿ ಎಡೆಯಿಲ್ಲ.

ಹಾಗಾದರೆ ಮಾಡುವುದೇನು?

ಕೈ ಹಾಕದೆಯೂ ಕಳವು ತಡೆಯಲು ದಾರಿಗಳಿವೆ. ಅಂಗಡಿಯಲ್ಲಿ ದುಡಿಯುವ ನಿಮ್ಮ ಮಗಳಿಗೆ, ಸೊಸೆಗೆ ಇಷ್ಟನ್ನು ಹೇಳಿ:

ಅನುಮಾನ ಬಂದ ಕೂಡಲೇ ಹತ್ತಿರ ಹೋಗಿ ನಗುತ್ತಾ ಮಾತಾಡಿಸಬೇಕು. “ಅಕ್ಕಾರ, ಬುಟ್ಟಿ ಕೊಡ್ಲೇನ್ರಿ? ಕೈಯಾಗಿಂದು ಬಿಲ್ ಮಾಡಿ ಇಡ್ಲೇನ್ರಿ?” ನೋಡುತ್ತಿದ್ದಾರೆಂದು ತಿಳಿದ ಮೇಲೆ ಎಷ್ಟೋ ಜನ ತಾವೇ ಸಾಮಾನು ಕೆಳಗಿಟ್ಟುಬಿಡುತ್ತಾರೆ. ಕದಿಯುವ ಉದ್ದೇಶವಿಲ್ಲದವರಿಗೆ ಇದು ಉಪಚಾರದ ಮಾತಾಗಿಯೇ ಕೇಳುತ್ತದೆ.

ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಇರುವ ತಾಯಿ ಮರೆತು ಸಾಮಾನನ್ನು ಚೀಲಕ್ಕೆ ಹಾಕಿಕೊಂಡಿರಬಹುದು. ಹಣ ಕೊಡುವ ಜಾಗ ದಾಟುವ ತನಕ ಯಾರನ್ನೂ ಕಳ್ಳಿ ಎನ್ನಬಾರದು. ದಾಟಿದ ಮೇಲೂ “ಇದರ ಬಿಲ್ ಆಗಿಲ್ಲರಿ” ಎಂದರೆ ಸಾಕು.

ಅವರು ನಿಲ್ಲದೆ ಹೋದರೆ ಹೋಗಲಿ. ಹಿಂದೆ ಓಡುವುದು ಬೇಡ. ಮುಖ, ಉಡುಪು, ಹೋದ ದಿಕ್ಕು, ಗಾಡಿಯ ನಂಬರು ಬರೆದಿಡಲಿ. ಮೇಲಿನವರಿಗೆ ತಿಳಿಸಿ 112ಕ್ಕೆ ಫೋನು ಮಾಡಲಿ. ಕ್ಯಾಮರಾದ ಚಿತ್ರವನ್ನು ಪೊಲೀಸರಿಗೆ ಕೊಡಬೇಕೇ ಹೊರತು ಊರ ಮೊಬೈಲುಗಳಿಗೆ ಹಂಚಬಾರದು. ಗುರುತು ತಪ್ಪಿದ್ದರೆ ಒಂದು ಸಂಸಾರವೇ ಹಾಳಾದೀತು.

ಮಾಲೀಕರಿಗೂ ಎರಡು ಮಾತು. ಬೆಲೆಬಾಳುವ ಸಾಮಾನನ್ನು ಬಾಗಿಲ ಬಳಿ ಇಡದೆ ಹಣ ಕಟ್ಟುವ ಜಾಗದ ಕಣ್ಣಳತೆಯಲ್ಲಿಡಿ. ಹಬ್ಬದ, ಮದುವೆಯ ದಿನಗಳಲ್ಲಿ ಒಬ್ಬರನ್ನು ಹೆಚ್ಚಿಗೆ ನೇಮಿಸಿ. ನಿಯಮವನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ದಿನವೇ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಸಂಬಳ ಮುರಿಯಬೇಡಿ. ಹುಡುಗಿಯರಿಗೆ ಆ ಭಯ ಹೋದರೆ ನಿಮ್ಮ ನಿಯಮ ತಾನಾಗಿ ಉಳಿಯುತ್ತದೆ.

ನಿಮ್ಮ ಮೇಲೇ ಅನುಮಾನ ಬಂದರೆ?

ಯಾರಿಗೂ ಬರಬಾರದು, ಬಂದರೆ ಗಾಬರಿಯಾಗಿ ಓಡಬೇಡಿ, ಕೂಗಾಡಬೇಡಿ. ನಿಂತು ಬಿಲ್ ತೋರಿಸಿ. ಚೀಲವನ್ನು ನೀವೇ ತೆರೆದು ತೋರಿಸುವುದು ನಿಮ್ಮ ಇಷ್ಟ. ಗಂಡಸರು ಮೈ ಮುಟ್ಟಲು ಬಂದರೆ, ಒಳಕೋಣೆಗೆ ಕರೆದರೆ ಸ್ಪಷ್ಟವಾಗಿ ಬೇಡವೆನ್ನಿ. “ಪೊಲೀಸರನ್ನು ಕರೀರಿ, ಅವರೆದುರೇ ನೋಡ್ರಿ” ಎನ್ನಿ. ಬೇಕಾದರೆ ನೀವೇ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181 ಕೂಡ ಇದೆ. ಅಂಗಡಿಯಲ್ಲಿ ಕೊಳ್ಳುವಾಗ ಮನೆಯಿಂದ ತಂದ ಚೀಲವನ್ನು ಮಡಿಚಿಟ್ಟು ಅಂಗಡಿಯ ಬುಟ್ಟಿಯನ್ನೇ ಬಳಸುವುದು, ಬಿಲ್ಲನ್ನು ಮನೆ ಸೇರುವ ತನಕ ಎಸೆಯದಿರುವುದು ಒಳ್ಳೆಯ ರೂಢಿ.

ನಿಮ್ಮ ಮಗುವೇ ಚಾಕೊಲೇಟನ್ನು ಜೇಬಿಗೆ ಹಾಕಿಕೊಂಡು ಬಂದಿದ್ದರೆ ಹೊಡೆಯಬೇಡಿ, ಮುಚ್ಚಿಹಾಕಲೂ ಬೇಡಿ. ಕೈ ಹಿಡಿದು ಅದೇ ಅಂಗಡಿಗೆ ಕರೆದುಕೊಂಡು ಹೋಗಿ, ತಾನೇ ಹಿಂದಿರುಗಿಸುವಂತೆ ಮಾಡಿ. ಏಳು ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನ ಕಣ್ಣಿನಲ್ಲಿ ಅಪರಾಧವೇ ಅಲ್ಲ. ಆದರೆ ಆ ವಯಸ್ಸಿನಲ್ಲಿ ಕಲಿತದ್ದು ಜೀವನವಿಡೀ ಉಳಿಯುತ್ತದೆ.

ಒಡ್ಡಿದ ಜೋಳಿಗೆ

ಬಸವಣ್ಣನವರು ಐಕ್ಯರಾದ ಕೂಡಲಸಂಗಮ ನಮ್ಮ ಹುನಗುಂದ ಸೀಮೆಯದು. ಕದಿಯಬಾರದೆಂಬ ಪಾಠ ಇಲ್ಲಿನ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಇಳಕಲ್‌ನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮೀಜಿಯವರನ್ನು ನಿಮ್ಮಲ್ಲಿ ಎಷ್ಟೋ ಜನ ಕಂಡಿರಬಹುದು. 2018ರಲ್ಲಿ ಅವರು ಲಿಂಗೈಕ್ಯರಾದರು. 1970ರ ದಶಕದಿಂದ ಅವರು ‘ಮಹಾಂತ ಜೋಳಿಗೆ’ ಹಿಡಿದು ಓಣಿ ಓಣಿ ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಯಾರ ಕೈಯಿಂದಲೂ ಹೆಂಡದ ಸೀಸೆಯನ್ನು ಕಿತ್ತುಕೊಳ್ಳಲಿಲ್ಲ. ಎದುರಿಗೆ ನಿಂತರು, ನೋಡಿದರು, ಕೇಳಿದರು, ಜೋಳಿಗೆ ಒಡ್ಡಿದರು. ಹಾಕುವವರು ತಾವಾಗಿ ಹಾಕಿದರು. ಅಂಗಡಿಯ ಕಳವಿಗೂ ಕುಡಿತಕ್ಕೂ ಹೋಲಿಕೆ ಪೂರ್ತಿ ಸರಿಹೋಗದಿರಬಹುದು. ಆದರೂ ಎದುರಿಗೆ ನಿಂತು ಕೇಳುವುದಕ್ಕೆ ಎಂಥ ಬಲವಿದೆಯೆಂದು ನಮ್ಮ ನಾಡೇ ತೋರಿಸಿಕೊಟ್ಟಿದೆ.

ಆ ತಾಯಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: “ನಿಮ್ಮ ಮಗಳ ಮನಸ್ಸು ತಪ್ಪಲ್ಲ, ಕೈ ಹಾಕಿದ್ದು ತಪ್ಪು. ಅವಳಿಂದ ಮುನ್ನೂರು ರೂಪಾಯಿ ಮುರಿದುಕೊಂಡವರದು ಇನ್ನೂ ದೊಡ್ಡ ತಪ್ಪು.” ಮರುವಾರ ಹುಡುಗಿಯರೆಲ್ಲ ಕೂಡಿ ಆ ಹಣದ ವಿಚಾರ ಬರೆದುಕೊಟ್ಟರು. ಹಣ ಇನ್ನೂ ಬಂದಿಲ್ಲ, ಆದರೆ ಆಮೇಲೆ ಯಾರ ಸಂಬಳದಲ್ಲೂ ಮುರಿದಿಲ್ಲ.

ಅಂಗೈಯ ಗಾಯ ಮಾಯ್ದಿದೆ, ಕಲೆ ಉಳಿದಿದೆ. ಮೊನ್ನೆ ಅವಳ ಅಂಗಡಿಗೆ ಹೋಗಿದ್ದೆ. ಕೈಯಲ್ಲಿ ಎರಡು ಸಾಬೂನು ಹಿಡಿದು ಬುಟ್ಟಿಗಾಗಿ ಹುಡುಕುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು. “ಅಕ್ಕಾರ, ಬುಟ್ಟಿ ಕೊಡ್ಲೇನ್ರಿ?”

ನಾನೂ ನಕ್ಕೆ, ಅವಳೂ ನಕ್ಕಳು.